ಮೀನುಮರಿಗಳ ಪ್ರತ್ಯೇಕ ತೊಟ್ಟಿಯನ್ನು ಹದಗೊಳಿಸುವ ಕ್ರಮ

ಸಿದ್ಧರಬೆಟ್ಟದ ಸುತ್ತಣ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆ. ಇಲ್ಲಿಯ ಕೆರೆಗಳೂ ಕೃಷಿ ಹೊಂಡಗಳೂ ಪ್ರತಿ ವರ್ಷವೂ ತುಂಬುವುದಿಲ್ಲ. ತುಂಬಿದ ವರ್ಷದ ಮೀನಿನ ಫಸಲು ಕೈತಪ್ಪಿದರೆ ಮುಂದಿನ ಅವಕಾಶವು ಯಾವಾಗ ಬರುವುದೆಂದು ಹೇಳುವಂತಿಲ್ಲ. ಆದುದರಿಂದ ಹೊರಗಿನಿಂದ ತಂದ ಕಾಟ್ಲ, ರೋಹು, ಮೃಗಾಲ್ ಮತ್ತು ಗೆಂಡೆಯ ಮರಿಗಳನ್ನು ಒಡನೆಯೇ ನೀರಿಗೆ ಬಿಡದೆ, ಮೂರು ವಾರಗಳ ಕಾಲ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ನೋಡುವುದು ವಿವೇಕ. ಮೀನುಹೇನು, ಹುಣ್ಣಿನ ರೋಗ ಮೊದಲಾದ ಪಿಡುಗುಗಳು ಕೆರೆಯನ್ನು ಸೇರಿದ ಮೇಲೆ ಅವನ್ನು ಹೊರಡಿಸುವುದು ಬಹು ಕಷ್ಟ. ತೊಟ್ಟಿಯಲ್ಲಾದರೆ ಅವು ಕಣ್ಣಿಗೆ ಬೀಳುತ್ತವೆ, ಕೈಗೂ ಸಿಕ್ಕುತ್ತವೆ.

ಆದರೆ ಇಂದು ತೊಟ್ಟಿಯನ್ನು ತುಂಬಿ ನಾಳೆ ಮರಿಗಳನ್ನು ಬಿಟ್ಟರೆ, ವಾರದೊಳಗೆ ಅವು ಸಾಯುವುದುಂಟು. ಇದನ್ನು ರೋಗವೆಂದು ತಿಳಿಯುವವರು ಅನೇಕರು. ಬಹುಮಟ್ಟಿಗೆ ಇದು ಹಸಿ ನೀರಿನ ದೋಷವೇ ಹೊರತು ರೋಗವಲ್ಲ.

ವಿಷದ ಮೂಲ

ಮೀನಿನ ಕಿವಿರಿನಿಂದಲೂ, ಕೊಳೆತ ಆಹಾರದಿಂದಲೂ ಅಮೋನಿಯವು ನೀರಿಗೆ ಸೇರುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಇದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ ಉಸಿರು ಕಟ್ಟಿಸುತ್ತದೆ. ಮತ್ತೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಮಾಡುತ್ತವೆ. ನಮ್ಮ ಹೊಲಗಳಲ್ಲಿ ಕೊಟ್ಟಿಗೆ ಗೊಬ್ಬರವು ಪೈರಿಗೆ ದಕ್ಕುವುದೂ, ಹಳೆಯ ದನದ ಹಟ್ಟಿಗಳ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟುವುದೂ ಇದೇ ಕ್ರಿಯೆಯಿಂದ. ಇದು ಜೀವಿಗಳ ಕೆಲಸವೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿದ್ವಾಂಸರು ತೋರಿಸಿದರು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಸಾಕಷ್ಟಿರುವುದಿಲ್ಲ. ಅವನ್ನು ಮೊದಲು ಬೆಳೆಸತಕ್ಕದ್ದು.

ಪಿ.ಎಚ್. ಎಂದು ಕರೆಯಲ್ಪಡುವ ರಸಸಾರವು 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ಕೊಳವೆಬಾವಿಯ ಕ್ಷಾರದ ನೀರನ್ನು ಬಳಸುವವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ತೊಟ್ಟಿಯ ಸಿದ್ಧತೆ

1. ಹೊಸ ಸಿಮೆಂಟ್ ತೊಟ್ಟಿಯು ಸುಣ್ಣವನ್ನು ಬಿಡುವುದರಿಂದ, ಎರಡು ವಾರ ಹಲವು ಸಲ ನೀರು ತುಂಬಿ ಹೊರಚೆಲ್ಲಬೇಕು.

2. ತೊಟ್ಟಿಯ ಒಂದು ಕಡೆ ತೊಳೆದ ಜಲ್ಲಿಕಲ್ಲಿನ ಬುಟ್ಟಿಯನ್ನಿಟ್ಟು, ಅದರ ಮೂಲಕ ನೀರು ಹಗಲಿರುಳೂ ಹರಿಯುವಂತೆ ಪಂಪನ್ನು ಹೂಡಬೇಕು. ಸೂಕ್ಷ್ಮಜೀವಿಗಳು ಕಲ್ಲಿಗೆ ಅಂಟಿ ಬೆಳೆಯುತ್ತವೆ; ಅವಕ್ಕೆ ಗಾಳಿಯು ಅತ್ಯವಶ್ಯ.

3. ಔಷಧಿ ಸಿಂಪಡಿಸದ ತೋಟದ ಮಣ್ಣನ್ನು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟರೆ ಹೆಪ್ಪಾಗುತ್ತದೆ. ಮೀನಿರುವ ಬೇರೆ ಕೆರೆಯ ಕೆಸರನ್ನು ಹಾಕಕೂಡದು. ತಡೆಯಬೇಕಾದ ರೋಗವೇ ಅದರೊಡನೆ ಬಂದೀತು.

4. ಈ ಜೀವಿಗಳಿಗೆ ಆಹಾರವಾಗಿ, ಸಾವಿರ ಲೀಟರ್ ನೀರಿಗೆ 8 ಗ್ರಾಂ ಶುದ್ಧ ನವಸಾಗರವನ್ನು ಕರಗಿಸಬೇಕು. ಮುಂದೆ ಅಮೋನಿಯವು ಕಾಣದಂತಾದಾಗಲೆಲ್ಲ ಇದರ ಅರ್ಧದಷ್ಟನ್ನು ಹಾಕುತ್ತಿರಬೇಕು.

ಹದವನ್ನು ತಿಳಿಯುವ ಬಗೆ

ನೀರನ್ನು ಪರೀಕ್ಷಿಸುವ ಹನಿ ಔಷಧಿಗಳ ಪೆಟ್ಟಿಗೆಯು ಅಂಗಡಿಗಳಲ್ಲಿ ದೊರೆಯುತ್ತದೆ. ಎರಡು ದಿನಗಳಿಗೊಮ್ಮೆ ಪರೀಕ್ಷಿಸಿದರೆ ಮೊದಲು ಅಮೋನಿಯ ಇಳಿಯುವುದೂ, ಆಮೇಲೆ ನೈಟ್ರೈಟ್ ಏರಿ ಇಳಿಯುವುದೂ, ಕೊನೆಗೆ ನೈಟ್ರೇಟ್ ನಿಲ್ಲುವುದೂ ಕಾಣುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಕಡಲ ಮೀನಿನ ಉಪ್ಪುನೀರಿನ ತೊಟ್ಟಿಗೂ ಇದೇ ಕ್ರಮ, ಕಾಲ ಮಾತ್ರ ಹೆಚ್ಚು ಬೇಕು. 8 ಗ್ರಾಂ ನವಸಾಗರವನ್ನು ಹಾಕಿ, 24 ಗಂಟೆಗಳಲ್ಲಿ ಅಮೋನಿಯವೂ ನೈಟ್ರೈಟೂ ಎರಡೂ ಇಲ್ಲವಾದರೆ ತೊಟ್ಟಿಯು ಹದವಾಯಿತು. ಆಗ ಬಹುಪಾಲು ನೀರನ್ನು ಬದಲಾಯಿಸಿ, ಮರುದಿನವೇ ಮರಿಗಳನ್ನು ಬಿಡಬಹುದು. ಮರಿಗಳು ಬರುವುದು ತಡವಾದರೆ ನವಸಾಗರವನ್ನು ನಿಲ್ಲಿಸಕೂಡದು.

ಎಚ್ಚರಿಕೆಗಳು

ಸಾವಿರ ಲೀಟರಿನ ತೊಟ್ಟಿಗೆ ದಿನವೊಂದಕ್ಕೆ 50 ಗ್ರಾಂ ಆಹಾರವನ್ನು ಮೀರಬಾರದು. ಎರಡು ಅಂಗುಲದ ಮರಿಗಳಾದರೆ ಸುಮಾರು ಮುನ್ನೂರು ಸಾಕು. ಹೆಚ್ಚು ಮರಿಗಳಿಗೆ ಹೆಚ್ಚು ತೊಟ್ಟಿಗಳು ಬೇಕು. ಬ್ಲೀಚಿಂಗ್ ಪುಡಿ ಬೆರೆತ ನಲ್ಲಿಯ ನೀರು ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಮೈಲುತುತ್ತ, ಫಾರ್ಮಲಿನ್ ಮೊದಲಾದ ಔಷಧಿಗಳೂ ಅವನ್ನು ಕುಗ್ಗಿಸುತ್ತವೆ. ಆದ್ದರಿಂದ ಚಿಕಿತ್ಸೆಯನ್ನು ಬೇರೆ ಪಾತ್ರೆಯಲ್ಲಿ ಮಾಡತಕ್ಕದ್ದು. ನೈಟ್ರೈಟ್ ಕಾಣಿಸಿದರೆ ನೀರನ್ನು ಭಾಗಶಃ ಬದಲಾಯಿಸಿ, ಸಾವಿರ ಲೀಟರಿಗೆ ಒಂದು ಕಿಲೋ ಅಡಿಗೆ ಉಪ್ಪನ್ನು ಕರಗಿಸಿದರೆ ಮೀನಿಗೆ ರಕ್ಷಣೆ ದೊರೆಯುತ್ತದೆ. ಈ ತೊಟ್ಟಿಯ ಬಲೆ ಬಿಂದಿಗೆಗಳನ್ನು ಕೆರೆಗೆ ಒಯ್ಯಬಾರದು. ಹೊರಚೆಲ್ಲುವ ನೀರನ್ನೂ ಕೆರೆಗೆ ಬಿಡದೆ, ಉಪ್ಪು ಔಷಧಿಗಳು ಬೆರೆಯದಿದ್ದಲ್ಲಿ ತೆಂಗು ಅಡಕೆಯ ಪಾತಿಗಳಿಗೆ ಹಾಯಿಸಬಹುದು. ಅದರ ನೈಟ್ರೇಟು ಗಿಡಕ್ಕೆ ಗೊಬ್ಬರವಾಗುತ್ತದೆ.

ಕೆರೆಯು ಊರಿಗೆಲ್ಲ ಸೇರಿದ ಸ್ವತ್ತು. ಒಬ್ಬರು ಪರೀಕ್ಷಿಸದೆ ಬಿಟ್ಟ ಒಂದು ಡಬ್ಬಿ ಮರಿಗಳಿಂದ ಎಲ್ಲರ ಫಸಲಿಗೂ ಕೇಡು ಬರಬಹುದು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮುಂಗಾರಿಗೆ ಎರಡು ತಿಂಗಳು ಮೊದಲೇ ತೊಟ್ಟಿಯ ಕೆಲಸವನ್ನು ಆರಂಭಿಸಿ, ಮರಿಗಳು ಊರಿಗೆ ಬರುವ ಹೊತ್ತಿಗೆ ನೀರು ಹದವಾಗಿರುವಂತೆ ನೋಡಿಕೊಳ್ಳುವುದು ಯುಕ್ತ.