ಮನೆಗೆಲಸದ ದರಪಟ್ಟಿ

ಮಕ್ಕಳ ಕೈಖರ್ಚಿನ ಹಣವನ್ನು, ಅಂದರೆ ನಗರದ ಮನೆಗಳಲ್ಲಿ ಪಾಕೆಟ್ ಮನಿ ಎಂದು ಕರೆಯುವ ಮೊತ್ತವನ್ನು, ಮನೆಗೆಲಸದ ಪ್ರತಿಫಲವಾಗಿ ಕೊಡಬೇಕೋ ಕೆಲಸದ ಹಂಗಿಲ್ಲದೆ ಕೊಡಬೇಕೋ ಎಂಬುದನ್ನು ಸಾಮಾನ್ಯವಾಗಿ ಶಿಸ್ತಿನ ಪ್ರಶ್ನೆಯೆಂದೇ ಚರ್ಚಿಸಲಾಗುತ್ತದೆ. ಆದರೆ ಕೆಲಸಕ್ಕೊಂದು ದರವೆಂದು ಗೊತ್ತುಮಾಡಿ ನಡೆಸಿ ನೋಡಿದ ಮನೆಯವರಿಗೆ, ಬೆಲೆ ಕಟ್ಟಿದ ಕೆಲಸವನ್ನು ಬೇಡವೆನ್ನುವ ಹಕ್ಕೂ ಮಗುವಿಗೆ ಸಿಕ್ಕಿಬಿಡುತ್ತದೆ ಎಂಬ ಸಂಗತಿ ಬಲುಬೇಗ ಅನುಭವಕ್ಕೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಲೇಖಕರದೇ ಮನೆಯ ಅನುಭವ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಹಾಸಿಗೆ ಸುತ್ತಿಡುವುದಕ್ಕೆ 2 ರೂಪಾಯಿ, ಗಿಡಗಳಿಗೆ ನೀರು ಹಾಕುವುದಕ್ಕೆ 3 ರೂಪಾಯಿ, ಒಣಗಿದ ಬಟ್ಟೆ ತಂದು ಮಡಿಸುವುದಕ್ಕೆ 5 ರೂಪಾಯಿ ಎಂದು ಬರೆದಿತ್ತು. ಆರಂಭದಲ್ಲಿ ಉತ್ಸಾಹ ಎಷ್ಟಿತ್ತೆಂದರೆ, ಅಣ್ಣ ತಂಗಿ ಇಬ್ಬರೂ ಪೈಪೋಟಿಯಿಂದ ನೀರು ಹಾಕಿ ಕುಂಡದ ತುಳಸಿಯ ಬೇರು ಕೊಳೆಯಿತು. ಅಮ್ಮ ರೊಟ್ಟಿ ಬಡಿಯುವುದಕ್ಕೆ ಎಷ್ಟು ದರವೆಂದು ಚಿಕ್ಕವಳು ಕೇಳಿದಾಗ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಆರು ವರ್ಷ ಮೇಲ್ಪಟ್ಟವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುವುದು ಕಂಡುಬಂದಿದ್ದು, ಹುಡುಗಿಯ ಪ್ರಶ್ನೆ ಆ ಲೆಕ್ಕಕ್ಕೂ ಸಲ್ಲುತ್ತದೆ. ಮುಂದೆ ಒಂದು ಸಂಜೆ ಮಳೆ ಹನಿಯತೊಡಗಿ, ತಾರಸಿಯ ಮೇಲಿನ ಬಟ್ಟೆ ತರಲು ಕೂಗಿದಾಗ, ಓದುತ್ತಿದ್ದ ದೊಡ್ಡವನು ತಲೆಯೆತ್ತದೆ, "ಇವತ್ತು ನಂಗೆ ಐದು ರೂಪಾಯಿ ಬೇಡ ಬಿಡಮ್ಮ" ಎಂದ. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ, ಅದು ಪಟ್ಟಿಯ ನಿಯಮಕ್ಕೆ ಪೂರ್ತಿ ಬದ್ಧವಾಗಿತ್ತು.

ಇದೇ ತರ್ಕವನ್ನು ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಊರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಗುರುತಿಸಿ 2000ದಲ್ಲಿ ಪ್ರಕಟಿಸಿದರು. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ 10 ಶೆಕೆಲ್ ದಂಡ ವಿಧಿಸಿದ ಮೇಲೆ ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಿದರು, ದಂಡವನ್ನು ತೆಗೆದ ಬಳಿಕವೂ ಆ ಸಂಖ್ಯೆ ಇಳಿಯಲಿಲ್ಲ. ಅಲ್ಲಿಯವರೆಗೆ ಶಿಕ್ಷಕಿಯರನ್ನು ಕಾಯಿಸಬಾರದೆಂಬ ದಾಕ್ಷಿಣ್ಯವಿದ್ದ ಕಡೆ, ಹಣ ಕೊಟ್ಟು ಪಡೆಯುವ ಸೇವೆಯೆಂಬ ಭಾವನೆ ಬಂದುಬಿಟ್ಟಿತ್ತೆಂದು ಅವರು ಇದನ್ನು ವಿವರಿಸಿದರು.

ಇಂಥ ಚರ್ಚೆಯಲ್ಲಿ ಹೆಚ್ಚಾಗಿ ಉದಾಹರಿಸುವುದು ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಚಿತ್ರ ಬರೆದರೆ ಬಹುಮಾನವೆಂದು ಮೊದಲೇ ಹೇಳಿಸಿಕೊಂಡ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಬಣ್ಣದ ಪೆನ್ನು ಹಿಡಿಯುವುದು ಕಡಿಮೆಯಾಯಿತೆಂದೂ, ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲವೆಂದೂ ಅದು ತೋರಿಸಿತು. ಆದರೆ ಆ ಮಕ್ಕಳು ಮೊದಲೇ ಚಿತ್ರ ಬರೆಯುವುದನ್ನು ಇಷ್ಟಪಟ್ಟವರು ಎಂಬುದನ್ನು ಮರೆತು ಅದನ್ನು ಪಾತ್ರೆ ಒರೆಸುವ ಕೆಲಸಕ್ಕೆ ಅನ್ವಯಿಸುವುದು ಸರಿಯಲ್ಲ, ಏಕೆಂದರೆ ಪಾತ್ರೆ ಒರೆಸುವುದರಲ್ಲಿ ಹಣದಿಂದ ಕೆಡುವಂಥ ಆಸಕ್ತಿ ಯಾವ ಮಗುವಿಗೂ ಇರುವುದಿಲ್ಲ. ಅಲ್ಲಿ ಸಡಿಲವಾಗುವುದು ಹೊಣೆ.

ಹಾಗೆಂದು ಮಕ್ಕಳಿಗೆ ಕೂಲಿ ಕೊಡುವುದೇ ತಪ್ಪೆನ್ನಲಾಗದು. ಮಲೆನಾಡಿನ ಅಡಿಕೆ ಬೆಳೆಗಾರರ ಎಷ್ಟೋ ಮನೆಗಳಲ್ಲಿ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಮಕ್ಕಳಿಗೂ ಅಳತೆಯ ಲೆಕ್ಕದಲ್ಲಿ ಹಣ ಸಿಗುತ್ತಿತ್ತು; ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಖರ್ಚಿಗೆ ಅದನ್ನು ಕೂಡಿಡುವುದೂ ಉಂಟು. ಈ ಪದ್ಧತಿ ಮನೆಯ ನಡವಳಿಕೆಯನ್ನು ಕೆಡಿಸದಿರಲು ಕಾರಣವಿದೆ: ನೆರೆಯಿಂದ ಬಂದು ಪಕ್ಕದಲ್ಲೇ ಸುಲಿಯುತ್ತಿದ್ದವರಿಗೂ ಅದೇ ಕೆಲಸಕ್ಕೆ ಕೂಲಿಯಿತ್ತು, ಅಳತೆ ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು, ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಮೋಡ ಕವಿದಾಗ ಮಾತ್ರ ಯಾರೂ ಲೆಕ್ಕ ಕೇಳದೆ ಓಡುತ್ತಿದ್ದರು.

ಈ ಭೇದವನ್ನು ಅನುಸರಿಸಿ ಫ್ರಿಜ್ಜಿನ ಪಟ್ಟಿಯನ್ನು ಕಿತ್ತು, ವಾರಕ್ಕೊಂದು ನಿಗದಿತ ಮೊತ್ತವನ್ನು ಮಕ್ಕಳ ಕೈಗೆ ಕೊಡುವ, ಸಿಟ್ಟು ಬಂದಾಗ ಅದನ್ನು ಕಡಿತ ಮಾಡದಿರುವ, ಹಾಸಿಗೆ, ಬಟ್ಟೆ, ತಟ್ಟೆಗಳ ಕೆಲಸವನ್ನು ಎಲ್ಲರ ಪಾಲಿನದಾಗಿ ಬಿಡುವ ಏರ್ಪಾಡು ಜಾರಿಗೆ ಬಂತು. ಹೊರಗಿನವರಿಂದ ಮಾಡಿಸಿದರೂ ಹಣ ಕೊಡಲೇಬೇಕಾದ ಕಾರು ತೊಳೆಯುವುದು, ಅಟ್ಟ ಗುಡಿಸುವುದು ಮುಂತಾದ ಕೆಲಸಗಳಿಗಷ್ಟೇ ದರ ಉಳಿಯಿತು. ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಿರ್ವಹಿಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ತಿಳಿಸಿರುವುದರಿಂದ ದೊಡ್ಡವನ ಸಂಪಾದನೆ ಖಾತೆಗೆ ಹೋಗುತ್ತಿದೆ, ಚಿಕ್ಕವಳದು ಇನ್ನೂ ಗೋಲಕದಲ್ಲಿದೆ. ಬಟ್ಟೆ ತರಲು ಈಗಲೂ ಎರಡು ಸಲ ಕೂಗಬೇಕಾಗುತ್ತದೆ. ಕಾರು ತೊಳೆಯುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆಂದು ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಬಂದ ಹುಡುಗ ತನ್ನ ದರವನ್ನೂ ಏರಿಸಬೇಕೆಂದು ಕೇಳಿದ್ದು, ಆ ಮಾತುಕತೆ ಇನ್ನೂ ಮುಗಿದಿಲ್ಲ.