ಗಿಟಾರ್ ಒಳಗೆ ಬಿದ್ದ ಪಿಕ್

ಯೂತ್ ಸರ್ವಿಸ್ ಸಂದೇಶ
ಓದಿಕೊಳ್ಳಬೇಕಾದ ಭಾಗ: ಕೀರ್ತನೆ 32, ಕೀರ್ತನೆ 139:23-24, 2 ಸಮುವೇಲ 11 ಮತ್ತು 12

  

ಪುಲ್ಪಿಟ್ ಪಕ್ಕ ಗಿಟಾರ್ ನೋಡಿ, ಇವತ್ತು ಇವರು ಹಾಡ್ತಾರಾ ಅಂತ ಕೆಲವರಿಗೆ ಭಯ ಆಗಿರಬಹುದು. ಹಾಡಲ್ಲ, ಧೈರ್ಯವಾಗಿರಿ. ಈ ಗಿಟಾರ್ ಒಳಗೆ ಒಂದು ಪಿಕ್ ಇದೆ. ಬೆಳಿಗ್ಗೆ ನಾನೇ ಹಾಕಿದೆ. ಸ್ವಲ್ಪ ಅಲ್ಲಾಡಿಸ್ತೀನಿ, ಕೇಳಿ. ಕಟಕಟ ಅಂತಿದೆ ಅಲ್ವಾ? ವರ್ಷಿಪ್ ಟೀಮ್‌ನವರು ನಗ್ತಾ ಇದ್ದಾರೆ. ಅವರಿಗೆ ಈ ಕಷ್ಟ ಗೊತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಪಿಕ್ ಅಂದ್ರೆ ತಂತಿ ಮೀಟೋಕೆ ಬೆರಳಲ್ಲಿ ಹಿಡಿಯೋ ಪುಟ್ಟ ಪ್ಲಾಸ್ಟಿಕ್ ತುಂಡು. ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು, ತೂಕ ಹೆಚ್ಚಾಗಿ ಒಂದು ಗ್ರಾಮೂ ಇರಲ್ಲ. ಬಾರಿಸ್ತಾ ಕೈ ಬೆವರುತ್ತೆ, ಜಾರುತ್ತೆ, ತಂತಿಗಳ ಮಧ್ಯದಿಂದ ನೇರವಾಗಿ ಸೌಂಡ್‌ಹೋಲ್ ಒಳಗೆ ಹೋಗಿ ಬೀಳುತ್ತೆ. ಬೀಳೋಕೆ ಒಂದು ಕ್ಷಣ ಸಾಕು. ತೆಗೆಯೋಕೆ ಮಾತ್ರ ಅರ್ಧ ಗಂಟೆ ಒದ್ದಾಡಿದವರು ಇಲ್ಲೇ ಕೂತಿದ್ದಾರೆ.

ಇನ್ನೊಂದು ವಿಷಯ ಗಮನಿಸಿ. ಒಳಗೆ ಪಿಕ್ ಇದ್ರೂ ಗಿಟಾರ್ ನುಡಿಯುತ್ತೆ. ಎಲ್ಲಾ ಸ್ವರದಲ್ಲೂ ಶಬ್ದ ಬರಲ್ಲ. ಒಂದೊಂದು ಸ್ವರ ಮೀಟಿದಾಗ ಮರ ಜಾಸ್ತಿ ನಡುಗುತ್ತೆ, ಆಗ ಮಾತ್ರ ಒಳಗಿನ ಪಿಕ್ ಮರಕ್ಕೆ ಬಡಿದು ಝರ್ ಅನ್ನುತ್ತೆ. ಉಳಿದ ಹೊತ್ತು ಸುಮ್ಮನೆ ಮಲಗಿರುತ್ತೆ. ಅದಕ್ಕೇ ನಾವು ಅಡ್ಜಸ್ಟ್ ಮಾಡ್ಕೊಂಡು ಬಾರಿಸ್ತಾ ಹೋಗ್ತೀವಿ.

ನನ್ನ ಜೀವನದ ಒಂದು ಸಾಕ್ಷಿ ಹೇಳ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳಬೇಕು. ಬೈಬಲ್ ಕಾಲೇಜಿಗೆ ಹೋಗೋಕೆ ಮುಂಚೆ ನಾನು ಒಂದು ಸಭೆಯಲ್ಲಿ ಗಿಟಾರ್ ಬಾರಿಸ್ತಿದ್ದೆ. ಹೊಸ ಕೆಲಸ, ಸಣ್ಣ ಸಂಬಳ. ಹೊಸ ಮೈಕ್ ಮತ್ತು ಕೇಬಲ್ ತರೋಕೆ ಅಂತ ಟೀಮ್‌ನವರು ಹಣ ಕೂಡಿಸಿ 4,000 ರೂಪಾಯಿ ನನ್ನ ಕೈಗೆ ಕೊಟ್ಟರು. ಆ ತಿಂಗಳು ಪಿಜಿ ಬಾಡಿಗೆ ಬಾಕಿ ಇತ್ತು. ಸಂಬಳ ಬಂದ ತಕ್ಷಣ ವಾಪಸ್ ಹಾಕ್ತೀನಿ ಅಂದ್ಕೊಂಡು ಆ ಹಣ ಕಟ್ಟಿಬಿಟ್ಟೆ. ಸಂಬಳ ಬಂತು, ಖರ್ಚಾಯ್ತು. ಯಾರಾದ್ರೂ ಕೇಳಿದ್ರೆ "ಅಂಗಡಿಯಲ್ಲಿ ಸ್ಟಾಕ್ ಇಲ್ಲ ಬ್ರದರ್, ಮುಂದಿನ ವಾರ ಬರುತ್ತಂತೆ" ಅಂತ ಹೇಳ್ತಿದ್ದೆ. ಹೀಗೇ ಮೂರು ತಿಂಗಳು ಹೋಯ್ತು. ಪ್ರತಿ ಭಾನುವಾರ ಕಣ್ಣು ಮುಚ್ಚಿ ಆರಾಧನೆ ಲೀಡ್ ಮಾಡ್ತಿದ್ದೆ. ಜನ ಬಂದು "ಬ್ರದರ್, ಇವತ್ತು ಅಭಿಷೇಕ ಇತ್ತು" ಅಂತಿದ್ದರು. ಆದ್ರೆ ಯಾರಾದ್ರೂ ಮೈಕ್ ಅನ್ನೋ ಪದ ತೆಗೆದ್ರೆ ಸಾಕು, ನನ್ನ ಎದೆಯಲ್ಲಿ ಝರ್ ಅಂತಿತ್ತು.

ಅದೇ ಸಮಯದಲ್ಲಿ ನನ್ನ ಗಿಟಾರ್ ಒಳಗೂ ಒಂದು ಪಿಕ್ ಬಿದ್ದಿತ್ತು. ಸೌಂಡ್ ನೋಡ್ಕೊಳ್ತಿದ್ದ ಅಂಕಲ್ ಒಬ್ಬರು ಸರ್ವಿಸ್ ಮುಗಿದ ಮೇಲೆ ಕರೆದರು. "ತಮ್ಮಾ, ಒಳಗೆ ಏನೋ ಇದೆ ಕಣೋ. ಮೂರು ವಾರದಿಂದ ಇಲ್ಲಿ ವಾಲ್ಯೂಮ್ ಕಮ್ಮಿ ಮಾಡಿ ಮುಚ್ಚಿಡ್ತಾ ಇದ್ದೀನಿ. ಎಷ್ಟು ದಿನ ಮುಚ್ಚಲಿ?" ಅವರು ಹೇಳಿದ್ದು ಗಿಟಾರ್ ವಿಷಯ. ನನಗೆ ಕೇಳಿಸಿದ್ದು ಬೇರೆ.

ಈಗ ವಾಕ್ಯಕ್ಕೆ ಬರೋಣ. ದಾವೀದನೂ ವಾದ್ಯ ನುಡಿಸ್ತಿದ್ದವನೇ. 1 ಸಮುವೇಲ 16ರಲ್ಲಿ ಸೌಲನ ಮುಂದೆ ಕಿನ್ನರಿ ಬಾರಿಸಿದ ಹುಡುಗ ಅವನು. ಮುಂದೆ ಅರಸನಾದ. ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿದ, ಅವಳ ಗಂಡ ಊರೀಯನನ್ನ ಯುದ್ಧದಲ್ಲಿ ಸಾಯೋ ಹಾಗೆ ಮಾಡಿದ. ನಾತಾನ ಪ್ರವಾದಿ ಬಂದಿದ್ದು ಯಾವಾಗ? ಮಗು ಹುಟ್ಟಿದ ಮೇಲೆ. ಅಂದ್ರೆ ಅಷ್ಟು ತಿಂಗಳು ದಾವೀದ ಸಿಂಹಾಸನದ ಮೇಲೆ ಕೂತು ರಾಜ್ಯ ನಡೆಸ್ತಾನೇ ಇದ್ದ. ಹೊರಗೆ ಎಲ್ಲಾ ಸರಿ. ಒಳಗೆ ಹೇಗಿತ್ತು? ಮೌನವಾಗಿದ್ದಾಗ ತನ್ನ ಎಲುಬುಗಳೇ ಸವೆದು ಹೋದ ಹಾಗಿತ್ತು, ಹಗಲೂ ರಾತ್ರಿ ದೇವರ ಕೈ ತನ್ನ ಮೇಲೆ ಭಾರವಾಗಿತ್ತು ಅಂತ ಕೀರ್ತನೆ 32ರಲ್ಲಿ ಅವನೇ ಹೇಳ್ತಾನೆ. ಪ್ರಿಯರೇ, ಆ ಭಾರ ದೇವರ ಶಿಕ್ಷೆ ಮಾತ್ರ ಅಲ್ಲ. ಅದು ಕರೆ. ಒಳಗೆ ಏನೋ ಇದೆ, ತೆಗೆಯೋಣ ಬಾ ಅನ್ನೋ ಕರೆ.

ತೆಗೆಯೋದು ಹೇಗೆ? ನಾಲ್ಕು ಮಾತು ಹೇಳ್ತೀನಿ. ಗಿಟಾರ್‌ಗೂ ಉಪಯೋಗ ಆಗುತ್ತೆ.

1. ಜೋರಾಗಿ ಅಲ್ಲಾಡಿಸಬೇಡಿ

ಪಿಕ್ ಬಿದ್ದ ತಕ್ಷಣ ಎಲ್ಲರೂ ಮಾಡೋದು ಇದೇ. ಗಿಟಾರ್‌ನ ತಲೆ ಮೇಲೆ ಎತ್ತಿ, ತಲೆಕೆಳಗು ಮಾಡಿ, ಸಿಟ್ಟಿನಿಂದ ಕುಲುಕೋದು. ಬರಲ್ಲ. ಯಾಕಂದ್ರೆ ಮುಂಭಾಗದ ತೆಳು ಹಲಗೆಗೆ ಬಲ ಕೊಡೋಕೆ ಒಳಗಡೆ ಮರದ ಪಟ್ಟಿಗಳನ್ನ ಅಂಟಿಸಿರ್ತಾರೆ. ತಲೆಕೆಳಗಾದಾಗ ಪಿಕ್ ಆ ಪಟ್ಟಿಗಳ ಹಿಂದೆ ಸಿಕ್ಕಿಹಾಕ್ಕೊಳ್ಳುತ್ತೆ. ತೂತಿನ ಹತ್ತಿರ ಬಂದ್ರೂ ದಾಟಲ್ಲ. ಪಿಕಪ್ ಇರೋ ಗಿಟಾರ್ ಆದ್ರೆ ಒಳಗೆ ವೈರ್ ಇರುತ್ತೆ, ಬ್ಯಾಟರಿ ಇರುತ್ತೆ. ಒರಟಾಗಿ ಕುಲುಕಿದ್ರೆ 20 ರೂಪಾಯಿ ಪಿಕ್‌ಗೋಸ್ಕರ ಗಿಟಾರೇ ಹಾಳಾಗುತ್ತೆ.

ಕೆಲವರು ತಮ್ಮನ್ನೇ ಹೀಗೆ ಕುಲುಕ್ತಾರೆ. ಒಂದು ಪಾಪ ಕಾಡಿದ್ರೆ ಮೂರು ದಿನ ಉಪವಾಸ, ಯೂತ್ ಕ್ಯಾಂಪ್‌ನಲ್ಲಿ ಅಳು, ಹೊಸ ತೀರ್ಮಾನ, ಆಮೇಲೆ "ನಾನು ಪ್ರಯೋಜನಕ್ಕೆ ಬಾರದವನು" ಅಂತ ತನ್ನನ್ನೇ ಬೈಯೋದು. ಉಪವಾಸ ಒಳ್ಳೇದು, ಕಣ್ಣೀರೂ ಒಳ್ಳೇದು. ಆದ್ರೆ ವಿಷಯದ ಹೆಸರು ಹೇಳದೆ ಬರೀ ಅತ್ತರೆ ಪಿಕ್ ಒಳಗೇ ಇರುತ್ತೆ. ನಾನೂ ಆ ಮೂರು ತಿಂಗಳಲ್ಲಿ ಬಹಳ ಅತ್ತಿದ್ದೀನಿ. 4,000 ರೂಪಾಯಿ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

2. ಬೆಳಕು ಬಿಡಿ

ಅಂಕಲ್ ಮೊದಲು ಮಾಡಿದ್ದು ಮೊಬೈಲ್ ಟಾರ್ಚ್ ಹಚ್ಚಿದ್ದು. ಸೌಂಡ್‌ಹೋಲ್‌ನಿಂದ ಒಳಗೆ ನೋಡಿ, ಪಿಕ್ ಯಾವ ಮೂಲೆಯಲ್ಲಿ ಇದೆ ಅಂತ ಕಂಡುಹಿಡಿದರು. ಕೀರ್ತನೆ 139ರ ಕೊನೆಯಲ್ಲಿ ದಾವೀದ ಕೇಳೋದೂ ಇದನ್ನೇ. ದೇವರೇ, ನನ್ನನ್ನ ಪರೀಕ್ಷಿಸು, ನನ್ನ ಹೃದಯ ತಿಳಿದುಕೋ, ಕೆಟ್ಟ ದಾರಿ ಏನಾದ್ರೂ ಇದೆಯಾ ನೋಡು ಅಂತ. ಪವಿತ್ರಾತ್ಮ ದೇವರು ಬೆಳಕು ಬಿಡುವಾಗ ಗೊಂದಲ ಹುಟ್ಟಿಸಲ್ಲ. ಇಂಥ ಮಾತು, ಇಂಥ ದಿನ, ಇಂಥ ವ್ಯಕ್ತಿ ಅಂತ ಸ್ಪಷ್ಟವಾಗಿ ತೋರಿಸ್ತಾನೆ. "ನೀನು ಪೂರ್ತಿ ಕೆಟ್ಟವನು, ನಿನಗೆ ಇನ್ನು ದಾರಿ ಇಲ್ಲ" ಅನ್ನೋ ಸ್ವರ ಕೇಳಿದ್ರೆ ಅದು ಆತನದಲ್ಲ.

3. ತೂತಿನ ನೇರಕ್ಕೆ ತನ್ನಿ, ಆಮೇಲೆ ತಿರುಗಿಸಿ

ಇದೇ ಮುಖ್ಯ ಪಾಠ. ನೋಡಿ, ಈಗ ಮಾಡಿ ತೋರಿಸ್ತೀನಿ. ಗಿಟಾರ್‌ನ ತಂತಿ ಮೇಲೆ ಬರೋ ಹಾಗೆ ಮಲಗಿಸಿ ಹಿಡ್ಕೊಳ್ಳಿ. ಈಗ ಪಿಕ್ ಹಿಂಭಾಗದ ಹಲಗೆ ಮೇಲೆ ಇದೆ. ಅತ್ತ ಇತ್ತ ನಿಧಾನವಾಗಿ ಓರೆ ಮಾಡಿ, ಬೇಕಿದ್ರೆ ಹಿಂದಿನಿಂದ ಬೆರಳಲ್ಲಿ ತಟ್ಟಿ, ಪಿಕ್ ಸೌಂಡ್‌ಹೋಲ್‌ನ ಸರಿಯಾಗಿ ಕೆಳಗೆ ಬರೋ ಹಾಗೆ ಮಾಡಿ. ಸಾಮಾನ್ಯವಾಗಿ ಅಲ್ಲಿ ಕಂಪನಿ ಲೇಬಲ್ ಅಂಟಿಸಿರ್ತಾರೆ, ಅದರ ಮೇಲೆ ಬಂದ್ರೆ ಸರಿ. ಬಂತಾ? ಈಗ ಒಂದೇ ಸಲಕ್ಕೆ, ತಟ್ಟನೆ, ತಂತಿ ನೆಲ ನೋಡೋ ಹಾಗೆ ತಿರುಗಿಸಿ. ಪಿಕ್ ನೇರವಾಗಿ ತೂತಿಗೆ ಬೀಳುತ್ತೆ, ಪಟ್ಟಿಗಳಿಗೆ ಸಿಗಲ್ಲ. ತಂತಿಗೆ ತಗುಲಿಕೊಂಡ್ರೆ ಬೆರಳಲ್ಲಿ ತೆಗೀರಿ. ಬಿತ್ತು! ಸ್ತೋತ್ರ!

ಮೊದಲನೇ ಸಲಕ್ಕೆ ಬರದಿದ್ರೆ ಇನ್ನೊಮ್ಮೆ ಮಾಡಿ. ಆಗಲೂ ಆಗದಿದ್ರೆ ಸ್ಕೇಲ್ ತುದಿಗೆ ಎರಡೂ ಕಡೆ ಅಂಟೋ ಟೇಪ್ ಸುತ್ತಿ ಒಳಗೆ ಬಿಟ್ಟು ಅಂಟಿಸಿ ತೆಗೀಬಹುದು. ತಂತಿ ಬದಲಾಯಿಸೋ ದಿನ ಕೈ ಹಾಕಿಯೂ ತೆಗೀಬಹುದು.

ಆ ದಿನ ಅಂಕಲ್ "ಕೊಡು ಇಲ್ಲಿ" ಅಂತ ನನ್ನ ಗಿಟಾರ್ ತಗೊಂಡು ಹೀಗೇ ಮಾಡಿದರು. ಗಿಟಾರ್ ತನ್ನೊಳಗಿನ ಪಿಕ್ಕನ್ನ ತಾನೇ ತೆಗೆದುಕೊಳ್ಳೋಕೆ ಆಗಲ್ಲ, ಗೊತ್ತಿರೋ ಕೈಗೆ ಸಿಗಬೇಕು. ನಮ್ಮನ್ನ ಶುದ್ಧ ಮಾಡೋದು ನಮ್ಮ ಪ್ರಯತ್ನ ಅಲ್ಲ, ಯೇಸುವಿನ ರಕ್ತ. 1 ಯೋಹಾನ 1:9ರ ವಾಗ್ದಾನ ಅದೇ. ನಾವು ಒಪ್ಪಿ ಅರಿಕೆ ಮಾಡಿದ್ರೆ ಆತನು ನಂಬಿಗಸ್ತನು, ಕ್ಷಮಿಸ್ತಾನೆ, ಶುದ್ಧ ಮಾಡ್ತಾನೆ. ನಮ್ಮ ಪಾಲು ಏನಂದ್ರೆ, ವಿಷಯವನ್ನ ಮೂಲೆಯಿಂದ ಬಾಗಿಲಿಗೆ ತಂದು ನಿಲ್ಲಿಸೋದು.

ಅದೇ ಸಂಜೆ ನಾನು ಸಭೆಯ ಖಜಾಂಚಿ ಮನೆಗೆ ಹೋದೆ. ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಒಳಗೆ ಬಾ, ಊಟ ಮಾಡು, ಆಮೇಲೆ ಪಾಸ್ಟರ್ ಅಯ್ಯನವರ ಹತ್ತಿರ ಇಬ್ಬರೂ ಹೋಗೋಣ" ಅಂದರು. ಅಯ್ಯನವರು ನನಗೋಸ್ಕರ ಪ್ರಾರ್ಥನೆ ಮಾಡಿದರು. ಜೊತೆಗೆ ಎರಡು ತಿಂಗಳು ಸ್ಟೇಜ್ ಹತ್ತಬೇಡ ಅಂದರು. ಟೀಮ್ ಮುಂದೆ ಕ್ಷಮೆ ಕೇಳಿದೆ. ಒಬ್ಬ ಬ್ರದರ್ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ತಿಂಗಳಿಗೆ 1,000 ರೂಪಾಯಿ ಹಾಗೆ ನಾಲ್ಕು ತಿಂಗಳು ಕಟ್ಟಿದೆ. ಕ್ಷಮೆ ಅದೇ ರಾತ್ರಿ ಸಿಕ್ತು. ನಂಬಿಕೆ ಮತ್ತೆ ಕಟ್ಟೋಕೆ ಟೈಮ್ ಬೇಕಾಯ್ತು. ಲೂಕ 19ರಲ್ಲಿ ಜಕ್ಕಾಯನೂ ಮೋಸದಿಂದ ತಗೊಂಡಿದ್ದನ್ನ ವಾಪಸ್ ಕೊಡೋಕೆ ಎದ್ದು ನಿಂತ ಅಲ್ವಾ? ಆದ್ರೆ ಹೇಳ್ತೀನಿ ಕೇಳಿ. ಆ ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಕೂತು ಮಾಡಿದ ಆರಾಧನೆಯಂಥ ಆರಾಧನೆ ನಾನು ಸ್ಟೇಜ್ ಮೇಲೆ ಎಂದೂ ಮಾಡಿರಲಿಲ್ಲ. ಹಲ್ಲೆಲೂಯಾ!

4. ಪ್ರತಿ ಶಬ್ದವೂ ಪಿಕ್ ಅಲ್ಲ

ಇದನ್ನ ಮರೀಬೇಡಿ. ಗಿಟಾರ್ ಝರ್ ಅಂದ್ರೆ ಒಳಗೆ ಪಿಕ್ ಇರಲೇಬೇಕು ಅಂತಿಲ್ಲ. ತಂತಿ ತಗ್ಗಿದ್ರೂ ಬರುತ್ತೆ, ಒಂದು ಸ್ಕ್ರೂ ಸಡಿಲಾದ್ರೂ ಬರುತ್ತೆ, ಒಳಗಿನ ಪಟ್ಟಿಯ ಅಂಟು ಬಿಟ್ಟಿದ್ರೂ ಬರುತ್ತೆ. ಅಂಟು ಬಿಟ್ಟ ಗಿಟಾರ್‌ನ ಎಷ್ಟು ತಿರುಗಿಸಿದ್ರೆ ಏನು? ಅದಕ್ಕೆ ರಿಪೇರಿ ಮಾಡೋರು ಬೇಕು.

ಇಲ್ಲಿ ಕೆಲವರಿಗೆ ರಾತ್ರಿ ನಿದ್ದೆ ಬರಲ್ಲ. ಆಫೀಸ್ ಪ್ರೆಶರ್, ಮನೆ ಸಮಸ್ಯೆ, ಡಿಪ್ರೆಷನ್. ಅಂಥವರ ಹತ್ತಿರ ಹೋಗಿ "ನಿನ್ನಲ್ಲಿ ಏನೋ ಪಾಪ ಅಡಗಿದೆ" ಅಂತ ಹೇಳಬೇಡಿ. ಯೋಬನ ಸ್ನೇಹಿತರು ಹಾಗೇ ಮಾಡಿದರು, ದೇವರು ಅವರನ್ನ ಗದರಿಸಿದನು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನ ನೋಡಿ ಯಾರ ಪಾಪದಿಂದ ಹೀಗಾಯ್ತು ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದನು ಯೇಸು. ಡಾಕ್ಟರ್ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಇನ್ನೊಬ್ಬರು ನಿಮಗೆ ಮಾಡಿದ ಅನ್ಯಾಯವೂ ನಿಮ್ಮ ಪಾಪ ಅಲ್ಲ. ಅದನ್ನ ಒಬ್ಬರೇ ಹೊತ್ಕೊಂಡು ತಿರುಗಬೇಡಿ, ಬಂದು ಮಾತಾಡಿ.

ಈ ವಾರ ಮಾಡಬೇಕಾದದ್ದು

ಒಂದು ರಾತ್ರಿ ಮೊಬೈಲ್ ಪಕ್ಕಕ್ಕಿಟ್ಟು ಕೀರ್ತನೆ 32 ನಿಧಾನವಾಗಿ ಓದಿ. ಯಾವ ವಿಷಯ ಬಂದಾಗ ನಿಮ್ಮೊಳಗೆ ಝರ್ ಅನ್ನುತ್ತೆ? ಯಾರ ಹೆಸರು? ಯಾವ ಹಣ? ಯಾವ ಚಾಟ್? ಅದರ ಹೆಸರು ಹೇಳಿ ದೇವರ ಮುಂದೆ ಅರಿಕೆ ಮಾಡಿ. ಯಾರಿಗಾದ್ರೂ ವಾಪಸ್ ಕೊಡಬೇಕಿದ್ರೆ, ಕ್ಷಮೆ ಕೇಳಬೇಕಿದ್ರೆ, ಈ ಭಾನುವಾರದ ಒಳಗೆ ಹೋಗಿ. ವಾಟ್ಸಾಪ್ ಗ್ರೂಪ್‌ನಲ್ಲಿ ಬೇಡ. ಪಕ್ವತೆ ಇರೋ, ಗುಟ್ಟು ಕಾಯೋ ಒಬ್ಬ ವಿಶ್ವಾಸಿಯ ಹತ್ತಿರ ಹೇಳಿ, ಜೊತೆಯಲ್ಲಿ ಪ್ರಾರ್ಥಿಸಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ಒಳಗಿರೋದು ನಿನಗೆ ಮೊದಲೇ ಗೊತ್ತು, ಆದರೂ ನಮ್ಮನ್ನ ಕೈಬಿಡಲಿಲ್ಲ. ಇಲ್ಲಿ ಒಬ್ಬ ತಮ್ಮ, ಒಬ್ಬ ತಂಗಿ ಬಹಳ ದಿನದಿಂದ ಮುಚ್ಚಿಟ್ಟುಕೊಂಡು ಹಾಡ್ತಾ ಇದ್ದಾರೆ. ಅವರಿಗೆ ಹೇಳೋ ಧೈರ್ಯ ಕೊಡು, ಕೇಳೋರಿಗೆ ಕರುಣೆ ಕೊಡು. ಮನಸ್ಸು ನೊಂದವರಿಗೆ ಸೌಖ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.