ವ್ಯಾಪಾರದ ಆವರಣ ಮತ್ತು ಒಡೆಯನ ಹೊಣೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಮಂಡಿಗಳು, ಗೌರಿಬಿದನೂರಿನ ಕಾರ್ಖಾನೆಗಳು, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರ ಇವೆಲ್ಲ ಜಿಲ್ಲೆಯ ಅಸಂಖ್ಯ ಕುಟುಂಬಗಳಿಗೆ ಅನ್ನದ ಮೂಲಗಳು. ಇಂತಹ ವ್ಯವಹಾರಸ್ಥಳದಲ್ಲಿ ಒಡೆದ ಮೆಟ್ಟಿಲಿನಿಂದಲೋ, ನೀರು ನಿಂತ ನೆಲದಿಂದಲೋ, ಮುಚ್ಚದ ಗುಂಡಿಯಿಂದಲೋ ಒಬ್ಬನ ಕಾಲು ಮುರಿದರೆ, ಅದು ಹಣೆಯಬರಹವೆಂದು ಸುಮ್ಮನಾಗುವುದೇ ರೂಢಿ. ನ್ಯಾಯಶಾಸ್ತ್ರದ ನಿಲುವು ಬೇರೆ. ಜನರನ್ನು ವ್ಯವಹಾರಕ್ಕೆಂದು ಬರಮಾಡಿಕೊಂಡವನು ಆ ಸ್ಥಳವನ್ನು ತಕ್ಕಮಟ್ಟಿಗೆ ಸುರಕ್ಷಿತವಾಗಿಡಲು ಬದ್ಧನೆಂಬುದು ಅದರ ಮೂಲತತ್ವ.

ಇಂಗ್ಲೆಂಡಿನಲ್ಲಿ ಈ ಹೊಣೆಯನ್ನು ನಿರೂಪಿಸಲು 1957ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಭಾರತದಲ್ಲಿ ಅಂತಹ ಕಾಯಿದೆಯಿಲ್ಲ. ನ್ಯಾಯಾಲಯಗಳ ತೀರ್ಪುಗಳೇ ಆಧಾರ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಮಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ನೀಡಿದ ತೀರ್ಪು ಇವುಗಳಲ್ಲಿ ಪ್ರಮುಖವಾದುದು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಅದರ ಗಾರೆಯ ಬಾಳಿಕೆ 40ರಿಂದ 45 ವರ್ಷ ಮಾತ್ರ. ದೋಷ ಕಣ್ಣಿಗೆ ಕಾಣುವಂತಿರಲಿಲ್ಲವೆಂಬ ನಗರಾಡಳಿತದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸುಸ್ಥಿತಿಯಲ್ಲಿರುವ ಗೋಪುರ ತಾನಾಗಿ ಬೀಳುವುದಿಲ್ಲ. ಆದುದರಿಂದ ಘಟನೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿಯೆಂದು ಅದು ಎಣಿಸಿತು. ಕಟ್ಟಡವನ್ನು ಕಾಲಕಾಲಕ್ಕೆ ಪರೀಕ್ಷಿಸದಿರುವುದೂ ತಪ್ಪೇ ಎಂಬುದು ಇದರಿಂದ ಸಿದ್ಧವಾಯಿತು.

ಗಾಯಗೊಂಡವನ ಮುಂದಿರುವ ಮಾರ್ಗಗಳು, ಅವನು ಅಲ್ಲಿಗೆ ಯಾವ ಸಂಬಂಧದಿಂದ ಬಂದನೆಂಬುದನ್ನು ಅವಲಂಬಿಸಿವೆ. ಹಣ ತೆತ್ತು ಸರಕನ್ನೋ ಸೇವೆಯನ್ನೋ ಪಡೆಯಲು ಬಂದವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸೇವಾನ್ಯೂನತೆಯ ದೂರನ್ನು 2 ವರ್ಷಗಳೊಳಗೆ ಸಲ್ಲಿಸಬಹುದು. ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದುದರಿಂದ, ಬೆಂಗಳೂರಿನ ಅಂಗಡಿಯೊಂದರಲ್ಲಿ ಬಿದ್ದ ಗೌರಿಬಿದನೂರಿನವನು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಸರಕನ್ನು ಮಾರಲು ಬಂದ ರೈತನಿಗೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದ ಪರಿಹಾರದ ದಾವೆಯೇ ದಾರಿ. ನೂಲು ಬಿಚ್ಚುವ ಘಟಕದ ಬಿಸಿನೀರಿನಿಂದ ಸುಟ್ಟುಕೊಂಡ ಕೆಲಸಗಾರನ ಹಕ್ಕು ಬೇರೆ ಬಗೆಯದು. 1923ರ ಕಾಯಿದೆಯಿಂದ ಬಂದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ನಿಯಮದಂತೆ, ಅವನು ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲ. ಗಾಯವು ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದುದಾದರೆ ಸಾಕು. ಸಾವು ಸಂಭವಿಸಿದಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆಯನ್ವಯ ಅವಲಂಬಿತರ ಪರವಾಗಿ 2 ವರ್ಷಗಳೊಳಗೆ ದಾವೆ ಹೂಡಬೇಕು. ನಿರ್ಲಕ್ಷ್ಯವು ಪ್ರಾಣಾಪಾಯಕಾರಿಯಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಿನಂತೆ ಪೊಲೀಸರಿಗೂ ದೂರು ನೀಡಬಹುದು.

ಹಕ್ಕು ಎಷ್ಟೇ ದೊಡ್ಡದಾಗಿರಲಿ, ಸಾಕ್ಷ್ಯವಿಲ್ಲದೆ ಅದು ನಿಲ್ಲದು. ಬಿದ್ದ ಮರುದಿನವೇ ಮೆಟ್ಟಿಲು ದುರಸ್ತಿಯಾಗಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಸ್ಥಳದ ಛಾಯಾಚಿತ್ರ, ಕಂಡವರ ಹೆಸರು, ವೈದ್ಯರ ಗಾಯದ ಪ್ರಮಾಣಪತ್ರ, ಔಷಧಿಯ ರಸೀದಿ, ಕಳೆದುಹೋದ ಕೂಲಿಯ ಲೆಕ್ಕ ಇವನ್ನು ಅಂದೇ ಕೂಡಿಡುವುದು ವಿವೇಕ. ಎಚ್ಚರಿಕೆಯ ಫಲಕವನ್ನು ಕಂಡೂ ಲೆಕ್ಕಿಸದೆ ಮುನ್ನಡೆದವನ ಪರಿಹಾರವು ಅವನ ತಪ್ಪಿನ ಪ್ರಮಾಣದಲ್ಲಿ ಕಡಿಮೆಯಾಗಬಹುದು ಎಂಬುದನ್ನೂ ಮರೆಯಬಾರದು.

ವಕೀಲರ ಖರ್ಚಿಗೆ ಅಂಜಿ ಹಕ್ಕನ್ನು ಬಿಡುವವರೇ ಹೆಚ್ಚು. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಹಾಗೂ ಕಾರ್ಖಾನೆಯ ಕೆಲಸಗಾರರಿಗೆ ಆದಾಯವನ್ನು ನೋಡದೆ ಉಚಿತ ನೆರವು ನೀಡುತ್ತದೆ. ಇತರ ಬಡವರಿಗೆ ಆದಾಯದ ಮಿತಿಯುಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬರೆದುಕೊಡುವ ಒಂದು ಅರ್ಜಿಯಿಂದ ಈ ಬಾಗಿಲು ತೆರೆಯುತ್ತದೆ.

ಪರಿಹಾರದ ಹಣ ಮುರಿದ ಮೂಳೆಯನ್ನು ಮೊದಲಿನಂತೆ ಮಾಡದು. ಆದುದರಿಂದ ಕಾನೂನಿನ ತಿರುಳು ದಂಡದಲ್ಲಿಲ್ಲ, ಮುನ್ನೆಚ್ಚರಿಕೆಯಲ್ಲಿದೆ. ಕಾಯಕವನ್ನು ಪೂಜೆಯೆಂದು ಕಲಿಸಿದ ಶರಣಪರಂಪರೆಯಲ್ಲಿ ಓದಿದ ವಿದ್ಯಾರ್ಥಿ ನಾಳೆ ವರ್ತಕನೋ ಕಾರ್ಖಾನೆಯ ಒಡೆಯನೋ ಆದಾಗ, ತನ್ನ ಹೊಸ್ತಿಲು ದಾಟಿ ಬರುವವನ ಕಾಲು ಜಾರದಂತೆ ನೋಡಿಕೊಳ್ಳುವುದೂ ಅವನ ಕಾಯಕದ ಒಂದು ಭಾಗವೇ ಆಗಬೇಕು.